ಸೌಟು ಹಿಡಿದವರಿಗೆ ಮಾತ್ರ ದಾರಿ

ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಂದರೆ ಜನ ಸಾಮಾನ್ಯವಾಗಿ ಕಣ್ಣೀರು ಹಾಕುತ್ತಾರೆ, ಬಿಸಿನೀರು ಕಾಯಿಸುತ್ತಾರೆ, ಇಲ್ಲವೇ ನೆಂಟರಿಗೆಲ್ಲ ಫೋನ್ ಮಾಡಿ ಸುದ್ದಿ ಹಂಚುತ್ತಾರೆ. ನಮ್ಮ ಸ್ಟೇಷನ್ ಮಾಸ್ತರರು ಈ ಮೂರರಲ್ಲಿ ಒಂದನ್ನೂ ಮಾಡಲಿಲ್ಲ. ನಿಯಮಾವಳಿ ಬರೆದರು.

ಕಾಯಿಲೆ ಬಂದದ್ದು ಅವರ ಹೆಂಡತಿಗೆ. ಆಕೆ ಶಾಲೆಯಲ್ಲಿ ಗಣಿತದ ಟೀಚರು. ಗುರುವಾರ ಗಂಟಲು ಕೆರೆಯಿತು, ಶುಕ್ರವಾರ ಮೈ ಕಾದ ಹೆಂಚಾಯಿತು, ಶನಿವಾರ ಮೂಗಿನೊಳಗೆ ಕಡ್ಡಿ ಆಡಿಸಿಕೊಂಡು ಬಂದರು. ಭಾನುವಾರ ಬೆಳಿಗ್ಗೆ ಲ್ಯಾಬಿನಿಂದ ಫೋನಿಗೆ ವರದಿ ಬಂತು: ಕೊರೊನಾ. ಬೀದಿ ತುದಿಯ ಕ್ಲಿನಿಕ್ಕಿನ ಡಾಕ್ಟರಮ್ಮ ಫೋನಿನಲ್ಲೇ ಹೇಳಿದರು. "ಟೀಚರ್ ಗಟ್ಟಿಮುಟ್ಟಾಗಿದಾರೆ, ಒಂದು ವಾರದಲ್ಲಿ ಎದ್ದು ಓಡಾಡ್ತಾರೆ. ಜ್ವರ ಬಂದ್ರೆ ಮಾತ್ರೆ, ಚೆನ್ನಾಗಿ ನೀರು ಕುಡೀಲಿ, ರೆಸ್ಟ್ ಮಾಡ್ಲಿ. ನನಗೆ ಭಯ ಇರೋದು ನಿಮ್ಮ ತಾಯಿ ಬಗ್ಗೆ. ಎಂಬತ್ತೊಂದು ವರ್ಷ, ಮೇಲೆ ಉಬ್ಬಸ ಬೇರೆ. ಅವರಿಗೆ ಮಾತ್ರ ತಗಲಬಾರದು."

ಈ ಕೊನೆಯ ಮಾತು ಮಾಸ್ತರರ ಎದೆಗೆ ನಾಟಿತು. ಅಮ್ಮ ಎಂದರೆ ಅವರಿಗೆ ಜೀವ. ಆಮೇಲೆ ಡಾಕ್ಟರಮ್ಮ ಗಾಳಿ, ಕಿಟಕಿ, ಮಾಸ್ಕ್ ಎಂದೆಲ್ಲ ಇನ್ನೂ ಹತ್ತು ನಿಮಿಷ ಹೇಳಿದರಂತೆ. ಅದು ಮಾಸ್ತರರ ಕಿವಿಯವರೆಗೆ ಹೋಯಿತು, ತಲೆಯವರೆಗೆ ಹೋಗಲಿಲ್ಲ. ಅಷ್ಟರಲ್ಲಾಗಲೇ ಅವರ ತಲೆಯಲ್ಲಿ ಮಹತ್ತರವಾದ ಯೋಜನೆಯೊಂದು ಹೊಗೆಯಾಡತೊಡಗಿತ್ತು.

ಮನೆಯ ನಕ್ಷೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಸ್ಟೇಷನ್ನಿನ ಹಿಂದಿನ ಕ್ವಾರ್ಟರ್ಸು ಅದು, ಕಟ್ಟಿದವನೂ ರೈಲ್ವೆಯವನೇ ಇರಬೇಕು, ಮನೆಯ ಉದ್ದಕ್ಕೂ ಬೋಗಿಯಂಥ ಒಂದು ಪ್ಯಾಸೇಜು. ಒಂದು ತುದಿಗೆ ಟೀಚರು ಮಲಗಿದ್ದ ಕೋಣೆ, ಇನ್ನೊಂದು ತುದಿಗೆ ಬಚ್ಚಲು. ನಡುವೆ ಒಂದು ಕಡೆ ಅಮ್ಮನ ಕೋಣೆ, ಅದರೆದುರು ಅಡುಗೆಮನೆ. ಬಚ್ಚಲು ಇರುವುದು ಒಂದೇ. (ಹಿತ್ತಲಲ್ಲಿ ಇನ್ನೊಂದು ಇತ್ತು, ನಿಜ. ಆದರೆ ಅದರಲ್ಲಿ ಮಾಸ್ತರರು ಇಪ್ಪತ್ತಾರು ವರ್ಷದಿಂದ ಕೂಡಿಟ್ಟ ಹಳೆಯ ವೇಳಾಪಟ್ಟಿಗಳು ಬಿಡಾರ ಹೂಡಿದ್ದವು.) ಅಂದರೆ ಯಾರು ಬಚ್ಚಲಿಗೆ ಹೋಗಬೇಕಾದರೂ ಇದೇ ಪ್ಯಾಸೇಜಿನಲ್ಲಿ ಹಾಯಬೇಕು.

"ಒಂಟಿ ಹಳಿ," ಎಂದರು ಮಾಸ್ತರರು, ಪ್ಯಾಸೇಜಿನ ನಡುವೆ ನಿಂತು ಎರಡೂ ತುದಿಗಳನ್ನು ನೋಡಿ. ಅವರ ಕಣ್ಣಿನಲ್ಲಿ ಆಗ ಕಂಡ ಬೆಳಕು ಮದುವೆಯ ದಿನವೂ ಕಂಡಿರಲಿಲ್ಲ ಎಂದು ಟೀಚರು ಆಮೇಲೆ ಹೇಳಿದ್ದುಂಟು.

ಒಂಟಿ ಹಳಿಯ ಮೇಲೆ ಎರಡು ಗಾಡಿ ಎದುರುಬದುರಾದರೆ ಅನಾಹುತ. ಅದಕ್ಕೇ ಹಿಂದಿನವರು ಒಂದು ಉಪಾಯ ಮಾಡಿದ್ದರು. ಎರಡು ಸ್ಟೇಷನ್ನುಗಳ ನಡುವೆ ಒಂದೇ ಒಂದು ಟೋಕನ್ನು. ಅದು ಯಾವ ಡ್ರೈವರಿನ ಕೈಯಲ್ಲಿದೆಯೋ ಅವನ ಗಾಡಿ ಮಾತ್ರ ಹೋಗಬೇಕು. ಅವನು ಹಿಂದಿರುಗಿಸುವವರೆಗೆ ಇನ್ನೊಬ್ಬನಿಗೆ ದಾರಿ ಇಲ್ಲ. ಮಾಸ್ತರರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದೇ ಪದ್ಧತಿ. ಆಮೇಲೆ ಯಂತ್ರಗಳು ಬಂದು ಅದನ್ನು ಮೂಲೆಗೆ ತಳ್ಳಿದವು. ಆ ದುಃಖ ಅವರಿಗೆ ಇನ್ನೂ ಆರಿರಲಿಲ್ಲ.

ಅಡುಗೆಮನೆಯಿಂದ ಉದ್ದ ಹಿಡಿಯ ಸೌಟೊಂದು ಹೊರಬಂತು. ಅದರ ಕುತ್ತಿಗೆಗೆ ಕೆಂಪು ದಾರ ಕಟ್ಟಿ ಟೋಕನ್ ಪದವಿಗೆ ಏರಿಸಲಾಯಿತು. ಅಡುಗೆಮನೆಯ ಬಾಗಿಲಲ್ಲಿ ಒಂದು ಕುರ್ಚಿ, ಕುರ್ಚಿಯ ಪಕ್ಕ ಸ್ಟೂಲು, ಸ್ಟೂಲಿನ ಮೇಲೆ ಒಂದು ರಿಜಿಸ್ಟರು ಮತ್ತು ಗೋಡೆಯಿಂದ ಇಳಿಸಿ ತಂದ ಗಡಿಯಾರ. ಮನೆಯಲ್ಲಿ ಸೋಂಕಿದೆಯೆಂದು ಇಲಾಖೆಯವರು ಅವರಿಗೂ ರಜೆ ಕೊಟ್ಟಿದ್ದರು. ರಜೆಯ ಮೊದಲ ದಿನವೇ ಮಾಸ್ತರರು ಡ್ಯೂಟಿಗೆ ಹಾಜರಾದರು.

"ಇದೇನ್ರೀ ಇದು?" ಟೀಚರು ಬಾಗಿಲು ಅರ್ಧ ತೆಗೆದು, ಮಾಸ್ಕಿನ ಮೇಲಿನಿಂದ ಕಣ್ಣು ಕಿರಿದು ಮಾಡಿ ಕೇಳಿದರು.

"ನಿಲ್ಲು ನಿಲ್ಲು. ಲೈನ್ ಕ್ಲಿಯರ್ ಕೇಳದೆ ಹೊರಟೆಯಲ್ಲ."

"ನನಗೆ ಅರ್ಜೆಂಟಾಗಿದೆ."

"ಎಕ್ಸ್‌ಪ್ರೆಸ್ಸಿಗೂ ಅರ್ಜೆಂಟೇ ಇರುತ್ತೆ ಕಣೇ. ಹಾಗಂತ ಹಾರಿಕೊಂಡು ಹೋಗುತ್ತಾ? ನನ್ನ ಮುಂದೆ ಬಂದು ನಿಲ್ಲು. ನಾನು ಒಂದು ನಂಬರ್ ಹೇಳ್ತೀನಿ, ನೀನು ಅದನ್ನ ತಿರುಗಿ ಹೇಳು. ಆಮೇಲೆ ಸೌಟು. ವಾಪಸ್ ಬರುವಾಗ ಸೌಟು ಕೊಟ್ಟು ಮತ್ತೆ ನಂಬರ್ ಹೇಳು, ನಾನು ಬರ್ಕೋತೀನಿ."

"ದೂರದಿಂದಲೇ ಹೇಳಿದ್ರೆ ಆಗಲ್ವಾ?"

"ಟೋಕನ್ನು ಕೈಯಿಂದ ಕೈಗೇ ಹೋಗಬೇಕು. ನೆಲದ ಮೇಲಿಟ್ಟರೆ ಅದಕ್ಕೆ ಮರ್ಯಾದೆ ಇಲ್ಲ."

ಜ್ವರ ಇದ್ದವರಿಗೆ ವಾದ ಮಾಡಲು ಉಸಿರು ಸಾಲದು. ಟೀಚರು ಮುಂದೆ ಬಂದು ನಿಂತರು. ಮಾಸ್ತರರು ತಮ್ಮ ಮಾಸ್ಕನ್ನು ಗಲ್ಲಕ್ಕೆ ಇಳಿಸಿ, "ಅರವತ್ತೇಳು," ಎಂದು ಪ್ಲಾಟ್‌ಫಾರಂ ಕೇಳುವಂತೆ ಕೂಗಿದರು. ಮಾಸ್ಕಿನೊಳಗಿಂದ ಅರವತ್ತೇಳು ಯಾವುದು, ಎಪ್ಪತ್ತೇಳು ಯಾವುದು ಎಂದು ತಿಳಿಯುವುದಿಲ್ಲ, ಸಂಖ್ಯೆ ತಪ್ಪಾದರೆ ಗಾಡಿಗಳು ಡಿಕ್ಕಿಯಾಗುತ್ತವೆ ಎಂಬುದು ಅವರ ಸಮರ್ಥನೆ.

"ಮಾಸ್ಕ್ ಮೇಲಕ್ಕೆ ಎಳ್ಕೊಳ್ರೀ," ಎಂದರು ಟೀಚರು, ಮಾಸ್ಕಿನೊಳಗಿಂದಲೇ.

"ನಂಬರ್ ಹೇಳು."

"ಆ ಕಿಟಕಿನಾದ್ರೂ ತೆಗೀರಿ."

"ತೆಗೆದ್ರೆ ಗಾಳಿಗೆ ರಿಜಿಸ್ಟರ್ ಹಾಳೆ ಹಾರುತ್ತೆ. ನಂಬರ್ ಹೇಳು."

ಟೀಚರು ನಂಬರ್ ಹೇಳಿದರು, ಕೆಮ್ಮಿದರು, ಸೌಟು ಹಿಡಿದು ನಡೆದರು. ವಾಪಸ್ ಬಂದ ಸೌಟನ್ನು ಮಾಸ್ತರರು ಸೋಪು ಹಚ್ಚಿ ಗಡಿಯಾರ ನೋಡಿಕೊಂಡು ಇಪ್ಪತ್ತು ಸೆಕೆಂಡು ಉಜ್ಜಿ ತೊಳೆದರು. ಯಾವ ಸೌಟಿಗೂ ಹುಟ್ಟಿದಂದಿನಿಂದ ಅಂಥ ಆರೈಕೆ ಸಿಕ್ಕಿರಲಾರದು.

ಎರಡನೆಯ ಗಾಡಿಯಾದ ಅಮ್ಮನ ವಿಷಯಕ್ಕೆ ಬಂದರೆ, ಮಾಸ್ತರರ ಎದೆ ಹೆಮ್ಮೆಯಿಂದ ಉಬ್ಬುತ್ತಿತ್ತು. ಅಮ್ಮನಷ್ಟು ಶಿಸ್ತಿನ ಗಾಡಿ ರೈಲ್ವೆ ಇತಿಹಾಸದಲ್ಲೇ ಇರಲಿಲ್ಲ. ಬಾಗಿಲು ಹಾಕಿಕೊಂಡವರು ಮಗನ ಎದುರು ತೆಗೆಯುತ್ತಲೇ ಇರಲಿಲ್ಲ. ಊಟ ತಂದರೆ, "ಹೊರಗಿಟ್ಟು ಹೋಗು ಕಣೋ, ನಿನ್ನ ಲೈನ್ ಕ್ಲಿಯರ್ ಆದ್ಮೇಲೆ ತಗೋತೀನಿ," ಎಂದು ಒಳಗಿನಿಂದಲೇ ಹೇಳುತ್ತಿದ್ದರು. ಎದುರು ಬಾಗಿಲಲ್ಲೇ ಕೂತ ಮಗನೊಡನೆ ಮಾತು ಕೂಡ ಫೋನಿನಲ್ಲೇ. ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ ದಿನವೂ ಸೊನ್ನೆ.

ಮೂರನೆಯ ದಿನ ಮಾತ್ರ ಮಾಸ್ತರರಿಗೆ ಯೋಚನೆ ಹತ್ತಿತು. ಸೊನ್ನೆ ಎಂದರೆ ಸೊನ್ನೆಯೇ? ಮನುಷ್ಯರೆಂದ ಮೇಲೆ ಕೆಲವು ಕೆಲಸಗಳು ಇರುತ್ತವಲ್ಲ. ಡಾಕ್ಟರಮ್ಮನಿಗೆ ಫೋನ್ ಮಾಡಿ, ಬಹಳ ಸಂಕೋಚದಿಂದ, "ಅಮ್ಮನಿಗೆ ಮೂರು ದಿನದಿಂದ... ಹೊರಕಡೆ ಆಗ್ತಾ ಇಲ್ಲ ಅನ್ಸುತ್ತೆ. ಇದೂ ಕೊರೊನಾ ಲಕ್ಷಣವಾ?" ಎಂದು ಕೇಳಿದರು. ಆ ಕಡೆ ಯಾರೋ ನಗು ನುಂಗಿದಂತೆ ಕೇಳಿಸಿತು. ಆಮೇಲೆ, "ನಿಮ್ಮ ತಾಯಿ ಹತ್ರ ಬೆಳಿಗ್ಗೆಯೇ ಮಾತಾಡಿದೀನಿ. ಎಲ್ಲ ಸರಿಯಾಗಿದೆ, ನೀವು ಅದರ ಚಿಂತೆ ಬಿಡಿ," ಎಂದು ಡಾಕ್ಟರಮ್ಮ ಅವಸರದಲ್ಲಿ ಫೋನ್ ಇಟ್ಟರು. ಮಾಸ್ತರರಿಗೆ ಸಮಾಧಾನವಾಗಲಿಲ್ಲ, ಆದರೂ ರಿಜಿಸ್ಟರು ಅವರನ್ನು ಕರೆಯುತ್ತಿತ್ತು.

ಐದನೆಯ ದಿನದ ಹೊತ್ತಿಗೆ ಟೀಚರ ಜ್ವರ ಇಳಿದಿತ್ತು. ಮಾಸ್ತರರಿಗೆ ಸಣ್ಣಗೆ ಕೆಮ್ಮು ಶುರುವಾಗಿತ್ತು. "ರಿಜಿಸ್ಟರ್ ದೂಳು," ಎಂದರು. ರಿಜಿಸ್ಟರು ಹೊಸದು. ಆರನೆಯ ದಿನ ಮೈಕೈ ನೋವು. "ಕುರ್ಚಿ ಸರಿಯಿಲ್ಲ," ಎಂದರು. ಏಳನೆಯ ದಿನ ಮೈ ನಡುಗಿತು. ಕಿಟಕಿ ಮುಚ್ಚಿದ್ದರಿಂದ ಗಾಳಿಯ ಮೇಲೆ ತಪ್ಪು ಹೊರಿಸುವ ಹಾಗಿರಲಿಲ್ಲ, ಹೀಗಾಗಿ ಅಂದು ಏನೂ ಅನ್ನಲಿಲ್ಲ.

ಎಂಟನೆಯ ದಿನ ಡಾಕ್ಟರಮ್ಮ ತಾವೇ ಬಂದರು. ಕಾಲು ಗಂಟೆಯಲ್ಲಿ ಫಲಿತಾಂಶ ಹೇಳುವ ಮೂರು ಪುಟ್ಟ ಪಟ್ಟಿಗಳು ಅವರ ಕೈಚೀಲದಲ್ಲಿದ್ದವು. ಮನೆಯೊಳಗೆ ಕಾಲಿಡುವ ಮೊದಲು ಪ್ಯಾಸೇಜಿನ ಕಿಟಕಿ ತೆಗೆಸಿದರು. ರಿಜಿಸ್ಟರಿನ ಹಾಳೆಗಳು ಪಟಪಟನೆ ಹಾರಿದವು, ಮಾಸ್ತರರು ಅದರ ಮೇಲೆ ಅಂಗೈ ಊರಿ ನಿಂತರು.

"ಡಾಕ್ಟ್ರೇ, ಏಳು ದಿನ, ಎಂಬತ್ತನಾಲ್ಕು ಸಲ ಸೌಟು ಕೈ ಬದಲಾಯಿಸಿದೆ. ಒಂದೇ ಒಂದು ಡಿಕ್ಕಿ ಇಲ್ಲ. ಅಮ್ಮ ಮತ್ತೆ ಇವಳು ಒಂದು ಸಲವೂ ಎದುರಾಗಿಲ್ಲ."

"ಅದು ಸರಿ. ನೀವು?"

"ನಾನು ಏನು?"

"ನೀವು ಟೀಚರಿಗೆ ಎಷ್ಟು ಸಲ ಎದುರಾಗಿದೀರಿ?"

ಮಾಸ್ತರರು ರಿಜಿಸ್ಟರಿನ ಹಾಳೆ ತಿರುವತೊಡಗಿದರು. ಉತ್ತರ ಬಂದದ್ದು ಗಣಿತದ ಟೀಚರಿಂದ. "ದಿನಕ್ಕೆ ಆರು ಸಲ ಬಚ್ಚಲಿಗೆ. ಹೋಗ್ತಾ ಒಂದು, ಬರ್ತಾ ಒಂದು, ಹನ್ನೆರಡು. ಏಳು ಹನ್ನೆರಡ್ಲಿ ಎಂಬತ್ತನಾಲ್ಕು. ಮದುವೆ ಆಗಿ ಇಪ್ಪತ್ತೆರಡು ವರ್ಷದಲ್ಲಿ ಇವರು ಇಷ್ಟು ಸಲ ನನ್ನ ಮುಖ ನೋಡಿ ಮಾತಾಡಿರ್ಲಿಲ್ಲ ಡಾಕ್ಟ್ರೇ."

"ಆದರೆ ಸೌಟು ತೊಳೀತಿದ್ದೆ," ಎಂದರು ಮಾಸ್ತರರು ಕ್ಷೀಣವಾಗಿ.

"ಅದಕ್ಕೇ ಸೌಟಿಗೆ ಜ್ವರ ಬಂದಿಲ್ಲ," ಎಂದರು ಡಾಕ್ಟರಮ್ಮ. "ಈ ವೈರಸ್ಸು ಹೆಚ್ಚಾಗಿ ಬರೋದು ಉಸಿರಲ್ಲಿ ಸಾರ್. ಮಾತಾಡಿದ್ರೆ, ಕೆಮ್ಮಿದ್ರೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿ ಹೊರಗೆ ಬರ್ತವೆ. ಜೋರಾಗಿ ಕೂಗಿದ್ರೆ ಇನ್ನೂ ಜಾಸ್ತಿ. ಕಿಟಕಿ ಮುಚ್ಚಿದ ಜಾಗದಲ್ಲಿ ಅವು ತುಂಬಾ ಹೊತ್ತು ತೇಲ್ತಾನೇ ಇರ್ತವೆ. ಗಾಡಿ ಹೋದ್ಮೇಲೂ ಹೊಗೆ ಅಲ್ಲೇ ಇರುತ್ತಲ್ಲ, ಹಾಗೆ. ನೀವು ಆ ಹೊಗೆ ಮಧ್ಯೆ ಕುರ್ಚಿ ಹಾಕ್ಕೊಂಡು, ಮಾಸ್ಕ್ ಇಳಿಸ್ಕೊಂಡು ಕೂತಿದ್ರಿ."

ಮೂವರ ಮೂಗಿಗೂ ಕಡ್ಡಿ ಹೋಯಿತು. ಅಮ್ಮನ ಕೋಣೆಗೆ ಡಾಕ್ಟರಮ್ಮ ಒಬ್ಬರೇ ಹೋಗಿ ಬಂದರು. ಹದಿನೈದು ನಿಮಿಷ ಕಾಯಬೇಕಿತ್ತು. ಆ ಹದಿನೈದು ನಿಮಿಷ ಮಾಸ್ತರರು ಗಡಿಯಾರ ನೋಡಲಿಲ್ಲ, ಅಮ್ಮನ ಬಾಗಿಲನ್ನೇ ನೋಡುತ್ತಿದ್ದರು. ತಮಗೆ ತಗಲಿದ್ದರೆ ತಗಲಲಿ, ಆದರೆ ಮೂರು ದಿನ ಆ ಬಾಗಿಲಿನ ಎದುರೇ ಕೂತು ಕೆಮ್ಮಿದ್ದೇನಲ್ಲ ಎಂಬುದೊಂದೇ ಯೋಚನೆ.

"ತಾಯಿಗೆ ಏನೂ ಇಲ್ಲ," ಎಂದರು ಡಾಕ್ಟರಮ್ಮ. "ಟೀಚರ ಕೊರೊನಾನೂ ಹೋಗಿದೆ."

ಮಾಸ್ತರರು ಅಮ್ಮನ ಬಾಗಿಲಿಗೆ ಕೈಮುಗಿದರು. ಆಮೇಲೆ ಮೂರನೆಯ ಪಟ್ಟಿಯ ಕಡೆ ಬಗ್ಗಿ ನೋಡಿದರು. ಅದರಲ್ಲಿ ಎರಡು ಕೆಂಪು ಗೆರೆ ಮೂಡಿದ್ದವು.

"ಅವರಿಬ್ಬರಿಗೂ ಒಂದೊಂದೇ ಗೆರೆ, ನನಗೆ ಜೋಡಿ ಹಳಿ," ಎಂದರು. "ಜೋಡಿ ಹಳಿ ಯಾವತ್ತಿಗೂ ಒಳ್ಳೇದೇ ಅಲ್ವಾ ಡಾಕ್ಟ್ರೇ?"

ಡಾಕ್ಟರಮ್ಮ ತುದಿಯ ಕೋಣೆಯ ಕಡೆ ಬೆರಳು ತೋರಿಸಿದರು.

ಅಲ್ಲಿಗೆ ಮಾಸ್ತರರ ಆಡಳಿತ ಮುಗಿಯಿತು. ಟೀಚರು ಬಿಟ್ಟುಕೊಟ್ಟ ಹಾಸಿಗೆಯ ಮೇಲೆ, ಬೆರಳಿಗೆ ಆಮ್ಲಜನಕ ಅಳೆಯುವ ಪುಟ್ಟ ಯಂತ್ರ ಸಿಕ್ಕಿಸಿಕೊಂಡು ಮಲಗಿದರು. ಅದು ತೊಂಬತ್ತೇಳು ತೋರಿಸಿತು. ಅದನ್ನು ಕೂಗಿ ಹೇಳಿದರೂ ಹೊರಗಿನಿಂದ ಯಾರೂ ತಿರುಗಿ ಹೇಳಲಿಲ್ಲ. ಆಗ ಅಮ್ಮನ ಫೋನ್ ಬಂತು.

"ಹೇಗಿದೀಯೋ ಮಗಾ?"

"ನನ್ನದಿರಲಿ. ನಿನಗೆ ತಗಲಲಿಲ್ಲವಲ್ಲ, ಅಷ್ಟು ಸಾಕು. ನೋಡಮ್ಮ, ಯಾರು ಎಷ್ಟೇ ನಗಲಿ, ನನ್ನ ಸೌಟು ನಿನ್ನನ್ನ ಕಾಪಾಡ್ತು."

ಅಮ್ಮ ದನಿ ತಗ್ಗಿಸಿದರು. "ಹೇಳ್ಬಾರ್ದು ಅಂದಿದ್ಲು ನಿನ್ನ ಹೆಂಡ್ತಿ. ಆದ್ರೆ ನಿನ್ನ ಹತ್ರ ಮುಚ್ಚಿಟ್ಟು ಅಭ್ಯಾಸ ಇಲ್ಲ ನನಗೆ. ಮೊದಲನೇ ದಿನ ನೀನು ಸೌಟಿಗೆ ದಾರ ಕಟ್ತಾ ಇದ್ದಾಗ ಅವಳು ಫೋನ್ ಮಾಡಿದ್ಲು ಕಣೋ. ಬಾಗಿಲ ಸಂದಿಗೆ ಬಟ್ಟೆ ತುರುಕಿ, ಕೋಣೆಯ ಹಿತ್ತಲ ಬಾಗಿಲು, ಕಿಟಕಿ ಎಲ್ಲ ತೆಗೆದಿಡಿ ಅತ್ತೆ, ಈ ಕಡೆ ಬರಲೇಬೇಡಿ ಅಂದ್ಲು. ಪಕ್ಕದ ಮನೆಯವಳಿಗೂ ಹೇಳಿದ್ಲು. ಅವಳು ಬಂದು ಹಿತ್ತಲ ಬಚ್ಚಲು ಖಾಲಿ ಮಾಡಿ ತೊಳೆದುಕೊಟ್ಲು. ನಾನು ಎಂಟು ದಿನದಿಂದ ಅಲ್ಲಿಗೇ ಹೋಗ್ತಾ ಇದೀನಿ."

ಸೊನ್ನೆಗಳ ರಹಸ್ಯ ಬಯಲಾಯಿತು. ಮಾಸ್ತರರಿಗೆ ಅದಕ್ಕಿಂತ ಮೊದಲು ಬೇರೊಂದು ಹೊಳೆಯಿತು. "ಖಾಲಿ ಮಾಡಿ ಅಂದ್ರೆ? ನನ್ನ ವೇಳಾಪಟ್ಟಿಗಳು?"

"ಗುಜರಿಯವನು ಒಯ್ದ. ಒಳ್ಳೆ ಮನುಷ್ಯ, ತಾನೇ ಹೊತ್ಕೊಂಡು ಹೋದ."

ಮಾಸ್ತರರು ಕಣ್ಣು ಮುಚ್ಚಿದರು. ಯಂತ್ರ ತೊಂಬತ್ತಾರಕ್ಕೆ ಇಳಿಯಿತು. "ಹಾಗಾದ್ರೆ ನನಗೆ ಯಾಕೆ ಯಾರೂ ಹೇಳ್ಲಿಲ್ಲ? ಏಳು ದಿನ ಹುಚ್ಚನ ಹಾಗೆ ಕೂತಿದ್ದೆನಲ್ಲ."

"ನಾನೂ ಅದನ್ನೇ ಕೇಳಿದೆ. ಅವಳು ಏನಂದ್ಲು ಗೊತ್ತಾ? 'ಅತ್ತೆ, ನಿಮ್ಮ ಮಗ ಹೆದರಿ ನೀರಾಗಿದಾರೆ. ಕೈಗೊಂದು ಕೆಲಸ ಇಲ್ಲದಿದ್ರೆ ಯೋಚನೆ ಮಾಡಿ ಮಾಡಿ ನಮಗಿಂತ ಮೊದಲು ಅವರೇ ಹಾಸಿಗೆ ಹಿಡೀತಾರೆ. ಸೌಟು ಇಟ್ಕೊಂಡಿರಲಿ ಬಿಡಿ' ಅಂದ್ಲು. ಮಾಸ್ಕ್ ಹಾಕ್ಕೊಳ್ಳಿ, ಕಿಟಕಿ ತೆಗೀರಿ ಅಂತ ದಿನಕ್ಕೆ ಹನ್ನೆರಡು ಸಲ ಬಡ್ಕೊಂಡ್ಲಂತಲ್ಲ, ನೀನು ಕೇಳಬೇಕಿತ್ತು."

ಫೋನ್ ಇಟ್ಟ ಮೇಲೆ ಮಾಸ್ತರರು ಗೋಡೆಯ ಕಡೆ ತಿರುಗಿ ಮಲಗಿದರು. ಸಿಟ್ಟು ಬಂದಿತ್ತು, ಅವಮಾನವಾಗಿತ್ತು. ಅದೆಲ್ಲದರ ಅಡಿಯಲ್ಲಿ, ಒಪ್ಪಿಕೊಳ್ಳಲು ಅವರಿಗೆ ಇಷ್ಟವಿಲ್ಲದಿದ್ದರೂ, ತನ್ನ ಹೆದರಿಕೆಯನ್ನು ಒಬ್ಬಳು ಇಷ್ಟು ಚೆನ್ನಾಗಿ ಓದಿಕೊಂಡಿದ್ದಾಳಲ್ಲ ಎಂಬ ನೆಮ್ಮದಿಯೂ ಇತ್ತು.

ಬಾಗಿಲ ಹೊರಗೆ ಹೆಜ್ಜೆ ಸದ್ದಾಯಿತು. ಒಂದು ಬಿಳಿ ಹಾಳೆ, ಒಂದು ಪೆನ್ಸಿಲ್ಲು ಬಾಗಿಲ ಕೆಳಗಿನ ಸಂದಿಯಿಂದ ಒಳಗೆ ಜಾರಿ ಬಂದವು.

"ರೀ," ಟೀಚರ ದನಿ, ಮಾಸ್ಕಿನೊಳಗಿಂದ. "ನೀವು ಮಾತ್ರೆ ಯಾವಾಗ ತಗೋಬೇಕು, ನೀರು ಯಾವಾಗ ಕುಡೀಬೇಕು ಅಂತ ಒಂದು ಟೈಮ್‌ಟೇಬಲ್ ಹಾಕಿಕೊಡಿ. ನಮಗೆ ಒಂದೂ ತಿಳಿಯಲ್ಲ."

ಮಾತ್ರೆ ಇದ್ದದ್ದು ಬೆಳಿಗ್ಗೆ ಒಂದು, ಸಂಜೆ ಒಂದು. ಮೂರನೇ ಕ್ಲಾಸಿನ ಮಗುವೂ ನೆನಪಿಟ್ಟುಕೊಳ್ಳುವಂಥದ್ದು. ಇದು ಯಾಕೆ ಬಂದಿದೆ ಎಂದು ಮಾಸ್ತರರಿಗೆ ಚೆನ್ನಾಗಿ ಗೊತ್ತಾಯಿತು. ಹತ್ತು ನಿಮಿಷ ಮುನಿಸಿಕೊಂಡು ಹಾಳೆಯ ಕಡೆ ನೋಡದೆ ಮಲಗಿದ್ದರು.

ಆಮೇಲೆ ಎದ್ದು ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡು, ಬಾಗಿಲ ಹತ್ತಿರ ಬಂದು, ಒಂದು ಸ್ಕೇಲು ಸಿಗುತ್ತದೆಯೇ ಎಂದು ಕೇಳಿದರು.