ಮಾವನ ಗಡಿಯಾರವೂ ಅಮ್ಮನ ಮೂರು ಮೈಲೂ

ನನ್ನ ಸೋದರಮಾವನಲ್ಲಿ ವಯಸ್ಸು ಕೇಳಿ ನೋಡಿ. ಉತ್ತರ ಹೇಳುವ ಮೊದಲು ಅವರು ಎಡಗೈ ಎತ್ತಿ ಗಡಿಯಾರ ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ನಲವತ್ತನಾಲ್ಕು ಇದ್ದದ್ದು ಸಂಜೆಗೆ ನಲವತ್ತೈದು ಆಗಿದ್ದರೆ? ಸುಳ್ಳು ಹೇಳಿದಂತಾಗುವುದಿಲ್ಲವೇ! ಆಧಾರ್ ಕಾರ್ಡಿನ ಪ್ರಕಾರ ಅವರಿಗೆ ಐವತ್ತೊಂಬತ್ತು ದಾಟಿದೆ. "ಆಧಾರ್ ಕಾರ್ಡಿಗೆ ನನ್ನ ಹಾರ್ಟಿನ ವಿಷಯ ಎಂತ ಗೊತ್ತುಂಟು? ಇದಕ್ಕೆ ಗೊತ್ತುಂಟು" ಎನ್ನುತ್ತ ಗಡಿಯಾರದ ಗಾಜನ್ನು ಹೆಬ್ಬೆರಳಿನಿಂದ ಒರೆಸುತ್ತಾರೆ.

ಮಾವನದು ಮಾಣಿ ಜಂಕ್ಷನ್ನಿನಲ್ಲಿ ಎಂಟು ಮೇಜಿನ ಹೋಟೆಲು. ಹೋಟೆಲಿನ ಹಿಂದೆ ಒಂದೇ ಅಂಗಳದಲ್ಲಿ ಎರಡು ಮನೆ. ಒಂದು ಮಾವ-ಅತ್ತೆಯದು, ಇನ್ನೊಂದು ನನ್ನ ಅಮ್ಮನದು. ಅಮ್ಮ ಅವರಿಗೆ ಎಂಟು ವರ್ಷಕ್ಕೆ ದೊಡ್ಡ ಅಕ್ಕ. ನಾನು ಮೂಡುಬಿದಿರೆಯಲ್ಲಿ ಟೀಚರು, ಭಾನುವಾರಕ್ಕೊಮ್ಮೆ ಊರಿಗೆ ಬರುವವಳು. ಹಾಗಾಗಿ ಈ ಗಡಿಯಾರದ ಪುರಾಣವನ್ನು ವಾರಕ್ಕೊಂದು ಅಧ್ಯಾಯದಂತೆ ಕೇಳುತ್ತ ಬಂದಿದ್ದೇನೆ.

ಗಡಿಯಾರ ಬಂದು ಆರು ವರ್ಷವಾಯಿತು. ಮೊದಲು ಅದು ರಸ್ತೆಯ ಆಚೆ ಬದಿಯ ಚಪ್ಪಲಿ ಅಂಗಡಿಯ ಹಮೀದಾಕರ ಕೈಯಲ್ಲಿತ್ತು. ಶಾರ್ಜಾದಲ್ಲಿರುವ ಅವರ ತಮ್ಮ ಪ್ರೀತಿಯಿಂದ ತಂದುಕೊಟ್ಟದ್ದು. ಓಡುವವರಿಗೆಂದೇ ಮಾಡಿದ ಜಿಪಿಎಸ್ ಗಡಿಯಾರ. ಎಷ್ಟು ದೂರ ಓಡಿದಿರಿ, ಎಷ್ಟು ನಿದ್ದೆ ಮಾಡಿದಿರಿ, ಎದೆ ಎಷ್ಟು ಸಲ ಬಡಿಯಿತು, ಎಲ್ಲ ಬರೆದಿಡುತ್ತದೆ, ಅದರಿಂದ ನಿಮ್ಮ ದೇಹದ ವಯಸ್ಸು ಎಷ್ಟೆಂದೂ ಲೆಕ್ಕಹಾಕಿ ಹೇಳುತ್ತದೆ. ಹಮೀದಾಕ ಅಂಗಡಿಯಲ್ಲಿ ಅರ್ಧ ಗಂಟೆ ಕೂತರೆ ಸಾಕು, ಅದು ಕೈಯಲ್ಲೇ ನಡುಗಿ 'ಏಳಿ, ನಡೆಯಿರಿ' ಎನ್ನುತ್ತಿತ್ತು. ಒಂದು ವಾರ ಸಹಿಸಿಕೊಂಡು ಎಂಟನೆಯ ದಿನ ಮಾವನ ಕ್ಯಾಶ್ ಕೌಂಟರಿನ ಮೇಲೆ ತಂದಿಟ್ಟರು. "ಹೀಗೆ ಹೇಳ್ಲಿಕ್ಕೆ ನಂಗೆ ಮನೆಯಲ್ಲಿ ಒಬ್ಬಳು ಇದ್ದಾಳೆ. ಇದನ್ನು ನೀವೇ ಇಟ್ಕೊಳ್ಳಿ" ಎಂದರಂತೆ.

ಅಂದಿನಿಂದ ಅದು ಮಾವನ ಕೈ ಬಿಟ್ಟಿಲ್ಲ. ಸ್ನಾನಕ್ಕೂ ಅದೇ, ಮದುವೆಯ ಊಟಕ್ಕೂ ಅದೇ, ಸಾವಿನ ಮನೆಗೂ ಅದೇ. ಪಟ್ಟಿ ಮೂರು ಸಲ ಬದಲಾಗಿದೆ. ಅದರ ಅಡಿಯ ಚರ್ಮ ಬಿಸಿಲು ಕಾಣದೆ ಬೆಳ್ಳಗಾಗಿದೆ. ಹತ್ತು ದಿನಕ್ಕೊಮ್ಮೆ ಚಾರ್ಜಿಗೆ ಇಡಬೇಕು. ಆ ಒಂದು ಗಂಟೆ ಮಾವ ಕುರ್ಚಿಯಿಂದ ಏಳುವುದಿಲ್ಲ. ಅತ್ತೆ ಅಟ್ಟದಿಂದ ತೆಂಗಿನಕಾಯಿ ತೆಗೆದುಕೊಡಿ ಎಂದರೆ, "ಲೆಕ್ಕಕ್ಕೆ ಸಿಗದ ಹೆಜ್ಜೆ ಯಾಕೆ ಹಾಕುವುದು? ಒಂದು ಗಂಟೆ ಕಳೆಯಲಿ" ಎನ್ನುತ್ತಾರೆ. ಆ ಹೊತ್ತಿಗೆ ಚಟ್ನಿ ಇಲ್ಲದೆ ದೋಸೆ ತಿಂದು ಹೋದ ಗಿರಾಕಿಗಳೂ ಇದ್ದಾರೆ.

ನಗಬೇಡಿ, ಈ ಹುಚ್ಚಿಗೆ ಒಂದು ಗುರಿಯಿತ್ತು. ಶಾಲೆಯಲ್ಲಿ ಮಾವ ಒಳ್ಳೆಯ ಓಟಗಾರ. ಹದಿನೇಳಕ್ಕೆ ಅಜ್ಜ ತೀರಿಹೋಗಿ ಹೋಟೆಲು ತಲೆಗೆ ಬಂತು, ಓಟ ಅಲ್ಲಿಗೆ ನಿಂತಿತು. ಗಡಿಯಾರ ಕೈಗೆ ಬಂದ ಮೇಲೆ ಮತ್ತೆ ಶುರು ಮಾಡಿದರು. ಮೂಡುಬಿದಿರೆಯಲ್ಲಿ ಪ್ರತಿ ಡಿಸೆಂಬರಿನಲ್ಲಿ ಇಪ್ಪತ್ತೊಂದು ಕಿಲೋಮೀಟರಿನ ಓಟ ಇರುತ್ತದೆ. ಅರವತ್ತು ತುಂಬುವ ಮೊದಲು ಅದನ್ನು ಎರಡು ಗಂಟೆಯೊಳಗೆ ಮುಗಿಸಬೇಕು ಎಂಬುದು ಅವರ ಹಟ. ಮೊದಲ ವರ್ಷ ಎರಡು ಗಂಟೆ ಹತ್ತೊಂಬತ್ತು ನಿಮಿಷ ಹಿಡಿಯಿತು. ವರ್ಷ ವರ್ಷ ಇಳಿಯುತ್ತ ಬಂದು, ಹೋದ ಸಲ ಎರಡು ಗಂಟೆಯ ಮೇಲೆ ಬರೀ ಒಂದು ನಿಮಿಷ ನಲವತ್ತು ಸೆಕೆಂಡು! "ಒಂದು ಚಾ ಮಾಡುವಷ್ಟು ಹೊತ್ತೂ ಅಲ್ಲ ಮಾರಾಯ್ತಿ" ಎಂದು ವರ್ಷವಿಡೀ ಹಲುಬಿದರು. ಬರುವ ಫೆಬ್ರವರಿಗೆ ಅರವತ್ತು. ಅಂದರೆ ಈ ಡಿಸೆಂಬರೇ ಕೊನೆಯದು. ತಯಾರಿಗೆ ಅವರಿಗೆ ಸಿಗುವುದು ದಿನಕ್ಕೆ ಒಂದೇ ಗಂಟೆ, ಬೆಳಿಗ್ಗೆ ಐದರಿಂದ ಆರು. ಆಮೇಲೆ ಹೋಟೆಲಿನ ಬಾಗಿಲು ತೆರೆದರೆ ಮುಗಿಯಿತು.

ಹಾಗೆಂದು ಉಳಿದ ಹೊತ್ತು ಗಡಿಯಾರ ಸುಮ್ಮನಿರುತ್ತದೆಯೇ? ಮಾವ ಎಡಚರು. ಗೋಳಿಬಜೆಯ ಹಿಟ್ಟನ್ನು ಕೈಯಿಂದಲೇ ಬಡಿಯಬೇಕು, ಎಷ್ಟು ಬಡಿದರೆ ಅಷ್ಟು ಮೆತ್ತಗೆ. ಒಂದು ದಿನ ಮೊಣಕೈವರೆಗೆ ಮೈದಾ ಮೆತ್ತಿಕೊಂಡು ಬಡಿಯುತ್ತಿದ್ದಾಗ ಗಡಿಯಾರ ಗುಂಯ್ ಎಂದಿತು. ನೋಡಿದರೆ, 'ನೀವು ದೋಣಿ ಹುಟ್ಟು ಹಾಕುತ್ತಿದ್ದೀರಾ?' ಎಂದು ಕೇಳುತ್ತಿದೆ. ಮೇಲೆ ನಾಲ್ಕು ಸಾವಿರ ಹೆಜ್ಜೆ ಬೇರೆ. ಮಾವ ಖುಷಿಯಿಂದ ಅತ್ತೆಯನ್ನು ಕರೆದು ತೋರಿಸಿದರು. ಅತ್ತೆ ಕಾಯಿ ತುರಿಯುವುದನ್ನು ನಿಲ್ಲಿಸದೆ ಹೇಳಿದರು: "ಹಾಗಾದ್ರೆ ಮೂವತ್ತು ವರ್ಷ ದೋಸೆಹಿಟ್ಟು ಕಡೆದ ನಾನು ಇಷ್ಟರಲ್ಲಿ ಡೆಲ್ಲಿಗೆ ಮುಟ್ಟಬೇಕಿತ್ತು."

ನಿದ್ದೆಯ ಕಥೆ ಇನ್ನೂ ಚೆಂದ. ಬೆಳಿಗ್ಗೆ ಮಾವ ಹಾಡು ಗುನುಗುತ್ತ ಏಳುತ್ತಾರೆ. ಮುಖ ತೊಳೆದು ಗಡಿಯಾರ ನೋಡುತ್ತಾರೆ. ನಿದ್ದೆಗೆ ಅದು ನೂರಕ್ಕೆ ನಲವತ್ತೊಂದು ಮಾರ್ಕು ಕೊಟ್ಟಿದ್ದರೆ ಅಲ್ಲಿಂದ ಅವರಿಗೆ ಆಕಳಿಕೆ ಶುರು. ಮಧ್ಯಾಹ್ನದವರೆಗೂ ಹಣೆ ಒತ್ತಿಕೊಂಡು ಕೂರುತ್ತಾರೆ. "ನೀವು ಗೊರಕೆ ಹೊಡೀತೀರಿ ಅಂತ ನಾನು ಮದುವೆಯಾದ ವಾರವೇ ಹೇಳಿದ್ದೆ, ಸುಳ್ಳು ಅಂದ್ರಿ. ಅದು ಹೇಳಿದ್ರೆ ಡಾಕ್ಟರ ಹತ್ತಿರ ಹೋಗ್ತೀರಿ" ಎಂಬುದು ಅತ್ತೆಯ ದೂರು. ದೂರಿನಲ್ಲಿ ನ್ಯಾಯವಿದೆ.

ಇನ್ನು ಬಸ್ಸಿನ ದಾಖಲೆ. ನಾಲ್ಕು ವರ್ಷದ ಹಿಂದೆ ಮಾವ ಕಲ್ಲಡ್ಕದ ಕಡೆಗೆ ಓಡಲು ಹೋದವರು ದಾರಿಯಲ್ಲಿ ಪಾದ ಉಳುಕಿಸಿಕೊಂಡರು. ಕುಂಟುತ್ತ ನಿಂತಿದ್ದಾಗ ಎಕ್ಸ್‌ಪ್ರೆಸ್ ಬಸ್ಸು ಬಂತು, ಹತ್ತಿದರು. ಗಡಿಯಾರವನ್ನು ನಿಲ್ಲಿಸಲು ಮರೆತರು. ನಮ್ಮ ಕಡೆಯ ಎಕ್ಸ್‌ಪ್ರೆಸ್ಸು ಹೇಗೆ ಹೋಗುತ್ತದೆ ಎಂದು ನಿಮಗೆ ಹೇಳಬೇಕೇ? ಮಾಣಿಯಲ್ಲಿ ಇಳಿಯುವಾಗ ಗಡಿಯಾರ ಪಟಾಕಿಯ ಚಿತ್ರ ತೋರಿಸಿ ಅಭಿನಂದಿಸುತ್ತಿತ್ತು: ಐದು ಕಿಲೋಮೀಟರು, ಆರು ನಿಮಿಷ ಹತ್ತು ಸೆಕೆಂಡು, ಜೀವಮಾನದ ಶ್ರೇಷ್ಠ ಓಟ!

"ಅಳಿಸಿಬಿಡಿ ಮಾವ, ಫೋನಿನಲ್ಲಿ ಅಳಿಸಲಿಕ್ಕೆ ಬರ್ತದೆ" ಎಂದೆ.

"ಬರ್ತದೆ. ದೂರ ತಿದ್ದಲಿಕ್ಕೂ ಬರ್ತದೆ. ಆದ್ರೆ ನಾನು ಮುಟ್ಟುವುದಿಲ್ಲ."

"ಯಾಕೆ?"

"ಒಂದನ್ನು ತಿದ್ದಿದ್ರೆ ಉಳಿದದ್ದೆಲ್ಲ ನಿಜ ಅಂತ ಯಾರು ನಂಬ್ತಾರೆ? ಗಡಿಯಾರ ಬರೆದದ್ದು ಬರೆದದ್ದೇ."

ಆದ್ದರಿಂದ ನಾಲ್ಕು ವರ್ಷದಿಂದ ಮಾವ ಎಷ್ಟೇ ಏದುಸಿರು ಬಿಟ್ಟು ಓಡಿದರೂ ಗಡಿಯಾರ ಅವರನ್ನು ಆ ಬಸ್ಸಿಗೆ ಹೋಲಿಸಿ, ಇನ್ನೂ ಸುಧಾರಿಸಬೇಕು ಎನ್ನುತ್ತದೆ. ಮಾವ ತಲೆಬಾಗಿ ಒಪ್ಪಿಕೊಳ್ಳುತ್ತಾರೆ. ಆ ಡ್ರೈವರಿಗೆ ತಾನೊಬ್ಬ ಪ್ರತಿಸ್ಪರ್ಧಿ ಎಂಬುದು ಇಂದಿಗೂ ಗೊತ್ತಿಲ್ಲ.

ಅಳೆಯುವ ಚಟ ಹತ್ತಿದವರು ಓಟದಲ್ಲಿ ನಿಲ್ಲುತ್ತಾರೆಯೇ? ಹೋಟೆಲಿನಿಂದ ಪಂಚಾಯತಿಗೆ ಎಷ್ಟು, ನೇತ್ರಾವತಿಗೆ ಎಷ್ಟು, ಮಾಣಿಯಲ್ಲಿ ಅವರು ಅಳೆಯದೆ ಬಿಟ್ಟ ದಾರಿಯಿಲ್ಲ. ಹಾಗೆ ಅಳೆಯುತ್ತ ಅಳೆಯುತ್ತ ಹೋದ ವರ್ಷ ನಮ್ಮ ಅಮ್ಮನ ಮೂರು ಮೈಲಿಗೇ ಕೈ ಹಾಕಿದರು.

ಈ ಮೂರು ಮೈಲು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಮಾವನಿಗೆ ನಾಲ್ಕು ವರ್ಷ ಇದ್ದಾಗ ಜ್ವರ ನೆತ್ತಿಗೇರಿ ಕಣ್ಣು ಮೇಲೆ ಮಾಡಿದ್ದರಂತೆ. ಮನೆಯಲ್ಲಿ ಗಂಡಸರಿಲ್ಲ, ಅಜ್ಜಿ ಬಾಣಂತಿ. ಹನ್ನೆರಡು ವರ್ಷದ ಅಮ್ಮ ತಮ್ಮನನ್ನು ಸೊಂಟದಲ್ಲಿ ಕೂರಿಸಿಕೊಂಡು ಹಳೆಮನೆಯಿಂದ ಮಾಣಿಯ ಡಾಕ್ಟರವರೆಗೆ ಒಬ್ಬಳೇ ನಡೆದಳು. "ಮೂರು ಮೈಲು, ಎಲ್ಲಿಯೂ ಕೆಳಗಿಳಿಸಲಿಲ್ಲ" ಎಂದು ಪ್ರತಿ ಮದುವೆಯಲ್ಲೂ ಯಾರಾದರೊಬ್ಬರಿಗೆ ಹೇಳಿಯೇ ಹೇಳುತ್ತಾಳೆ. ಮಾವ ಒಂದು ಬೆಳಿಗ್ಗೆ ಆ ದಾರಿಯಲ್ಲಿ ನಡೆದುಬಂದು ಅಂಗಳದಲ್ಲಿ ನಿಂತು ಘೋಷಿಸಿದರು: "ಅಕ್ಕ, ಮೂರು ಮೈಲು ಅಲ್ಲ. ಮೂರು ಪಾಯಿಂಟ್ ಒಂದು ಕಿಲೋಮೀಟರು. ಎರಡು ಮೈಲು ಸಹ ಇಲ್ಲ."

ಅಮ್ಮ ಬಟ್ಟೆ ಹಿಂಡುತ್ತಿದ್ದಳು. "ಮೂರು ಮೈಲು."

"ಮೂರು ಮೈಲು ಆಗ್ಲಿಕ್ಕೆ ನಾಲ್ಕು ಪಾಯಿಂಟ್ ಎಂಟು ಕಿಲೋಮೀಟರು ಬೇಕು. ನೋಡು, ಇದರಲ್ಲಿ ಬರೆದು ಉಂಟು."

"ನೀನು ಕೈ ಬೀಸಿಕೊಂಡು ನಡೆದದ್ದು. ನಿನ್ನನ್ನು ಸೊಂಟದಲ್ಲಿ ಕೂರಿಸಿಕೊಂಡ್ರೆ ಅದು ಮೂರು ಮೈಲೇ" ಎಂದು ಅಮ್ಮ ಬಕೆಟ್ ಎತ್ತಿಕೊಂಡು ಹೋದಳು. ಮಾವ ಬಿಡಲಿಲ್ಲ. ಫೋನಿನಲ್ಲಿ ಆ ನಡಿಗೆಗೆ 'ಹಳೆಮನೆ–ಡಾಕ್ಟ್ರು' ಎಂದು ಹೆಸರಿಟ್ಟು, ನಾನು ಬಂದಾಗಲೆಲ್ಲ ಸಾಕ್ಷಿಯಾಗಿ ತೋರಿಸುತ್ತಿದ್ದರು.

ಈ ವರ್ಷ ಆಗಸ್ಟಿನಲ್ಲಿ ಅಮ್ಮ ಬಚ್ಚಲಿನ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಮಂಗಳೂರಿನಲ್ಲಿ ಆಪರೇಷನ್ ಆಯಿತು. ದಿನಾ ಸ್ವಲ್ಪ ನಡೆಸಿ, ಈಗ ನಡೆಯದಿದ್ದರೆ ಮುಂದೆ ಕಷ್ಟ ಎಂದು ಡಾಕ್ಟರು ಹೇಳಿ ಕಳಿಸಿದರು. ಅಮ್ಮ ವಾಕರ್ ಹಿಡಿದು ಒಂದು ಹೆಜ್ಜೆ ಇಟ್ಟವಳು ಹೆದರಿ ಕೂತುಬಿಟ್ಟಳು. ನಾನು ರಜೆ ಹಾಕಿ ಎರಡು ವಾರ ಬೇಡಿಕೊಂಡೆ, ಬೈದೆ, ಅತ್ತುಬಿಟ್ಟೆ. "ನನ್ನ ನಡಿಗೆ ಮುಗಿಯಿತು, ಬಿಡು" ಎಂದಳು. ಇಡೀ ಹೋಟೆಲಿಗೆ ಕೇಳುವ ಹಾಗೆ ಮಾತಾಡುತ್ತಿದ್ದವಳು ಅಷ್ಟು ಮೆಲ್ಲಗೆ ಹೇಳಿದ್ದು ಕೇಳಿ ನನಗೆ ಭಯವಾಯಿತು. ರಜೆ ಮುಗಿದು ಮೂಡುಬಿದಿರೆಗೆ ಹೊರಟಾಗ ಬಸ್ಸಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದೆ.

ಆದರೆ ಅಕ್ಟೋಬರಿನ ಒಂದು ಭಾನುವಾರ ಹೋದಾಗ ಅಮ್ಮ ವಾಕರ್ ಹಿಡಿದು ತಾನಾಗಿಯೇ ಜಗಲಿಗೆ ಬಂದಳು. ನನಗೆ ಆಶ್ಚರ್ಯ. "ಬೆಳಿಗ್ಗೆ ಸ್ವಲ್ಪ ನಡೀತೇನೆ" ಎಂದಳು, ಹೆಚ್ಚು ಹೇಳಲಿಲ್ಲ. ವಾರಕ್ಕೆರಡು ಸಲ ಬರುವ ಫಿಸಿಯೋಥೆರಪಿಯ ಹುಡುಗಿಗೆ ನಾನು ಸೀರೆ ಕೊಟ್ಟು ಕಳಿಸಿದೆ. ಅತ್ತ ಗಡಿಯಾರ ಹೇಳುವ ಮಾವನ ವಯಸ್ಸು ಮಾತ್ರ ಏರುತ್ತಿತ್ತು, ನಲವತ್ತೆಂಟು, ಐವತ್ತೊಂದು. ಪರದೆಯ ಮೇಲೆ 'ಅನ್‌ಪ್ರೊಡಕ್ಟಿವ್' ಎಂಬ ಪದ ಬಂದು ಕೂತಿತ್ತು. "ನಿಮ್ಮಿಂದ ಪ್ರಯೋಜನ ಇಲ್ಲ ಅಂತ ನಾನು ಯಾವಾಗಲೋ ಕಂಡುಹಿಡಿದದ್ದು, ಅದಕ್ಕೆ ಆರು ವರ್ಷ ಬೇಕಾಯ್ತು" ಎಂದು ಅತ್ತೆ ನಕ್ಕರು. ನಾನೂ ನಕ್ಕೆ. ಓಟದ ತಯಾರಿ ಹೇಗೆ ಎಂದು ಕೇಳಿದರೆ ಮಾವ, "ಆಗ್ತಾ ಉಂಟು" ಎಂದು ಒಳಗೆ ಹೋಗುತ್ತಿದ್ದರು.

ಓಟದ ದಿನ ಬಂತು. ನಾನು ಫ್ಲಾಸ್ಕಿನಲ್ಲಿ ಕಾಫಿ, ಕೈಯಲ್ಲಿ ಟವೆಲು ಹಿಡಿದು ಓಟ ಮುಗಿಯುವ ಗೆರೆಯ ಹತ್ತಿರ ನಿಂತೆ. ಈ ಸಲ ಎರಡು ಗಂಟೆಯೊಳಗೆ ಬಂದೇ ಬರುತ್ತಾರೆ ಎಂದು ಸ್ಟಾಫ್‌ರೂಮಿನಲ್ಲೆಲ್ಲ ಹೇಳಿಕೊಂಡಿದ್ದೆ. ಎರಡು ಗಂಟೆ ಕಳೆಯಿತು. ಎರಡೂವರೆ ಕಳೆಯಿತು. ಕೊನೆಗೆ ಬಂದವರು ನೀರಿನ ಬಾಟಲಿ ಹೆಕ್ಕುವ ಕಾರ್ಯಕರ್ತರು. ಅತ್ತೆಗೆ ಫೋನ್ ಮಾಡಿದೆ.

"ಅವರು ಹೊರಡಲೇ ಇಲ್ಲ ಮಾರಾಯ್ತಿ. ನಿಂಗೆ ಹೇಳಲಿಲ್ವಾ?"

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಂಟ್ವಾಳದ ಬಸ್ಸು ಹಿಡಿದೆ, ಬಿ.ಸಿ. ರೋಡಿನಲ್ಲಿ ಬದಲಿಸಿದೆ, ಮಧ್ಯಾಹ್ನದ ಊಟದ ಹೊತ್ತಿಗೆ ಮಾಣಿಯಲ್ಲಿದ್ದೆ. ಮಾವ ಕೌಂಟರಿನಲ್ಲಿ ಕೂತು ಸೋಂಪಿನ ಬಟ್ಟಲು ಸರಿಮಾಡುತ್ತಿದ್ದರು.

"ಗಡಿಯಾರ ಎಪ್ಪತ್ತೆರಡು ಗಂಟೆ ರೆಸ್ಟ್ ತಗೊಳ್ಳಿಕ್ಕೆ ಹೇಳಿತು" ಎಂದರು, ನನ್ನ ಮುಖ ನೋಡದೆ.

ಮಾವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಕೌಂಟರಿನ ಮೇಲಿದ್ದ ಅವರ ಫೋನನ್ನು ಎತ್ತಿಕೊಂಡು ಗಡಿಯಾರ ಬರೆದಿಟ್ಟ ಪಟ್ಟಿಯನ್ನು ತೆರೆದೆ. ಆಗಸ್ಟಿನ ಕೊನೆಯಿಂದ ಒಂದೇ ಒಂದು ಓಟವಿಲ್ಲ. ದಿನಾ ಬೆಳಿಗ್ಗೆ ಐದು ಗಂಟೆಗೆ, ಅವರ ಓಟದ ಆ ಒಂದೇ ಗಂಟೆಯಲ್ಲಿ, ನಡಿಗೆಗಳು. ಪ್ರತಿಯೊಂದಕ್ಕೂ ಅವರೇ ಹೆಸರಿಟ್ಟಿದ್ದರು.

'ಅಕ್ಕ, ಮಂಚದಿಂದ ಬಾಗಿಲು. 0.01 ಕಿ.ಮೀ.'

'ಅಕ್ಕ, ಬಾಗಿಲು. 0.01.'

'ಅಕ್ಕನಿಗೆ ಸಿಟ್ಟು. 0.00.'

'ಅಕ್ಕ, ಬಾವಿಕಟ್ಟೆ. 0.03.'

'ಅಕ್ಕ, ಹೋಟೆಲಿನ ಹಿಂಬಾಗಿಲು. ಚಾ ಕುಡಿದಳು. 0.06.'

ನಾಲ್ಕು ಹೆಜ್ಜೆಯನ್ನು ಅಳೆಯಲು ಆಕಾಶದ ಉಪಗ್ರಹಗಳನ್ನೆಲ್ಲ ಎಬ್ಬಿಸಿದ ಮನುಷ್ಯ ಪ್ರಪಂಚದಲ್ಲಿ ಇವರೊಬ್ಬರೇ ಇರಬೇಕು. ಎಲ್ಲಕ್ಕಿಂತ ಮೇಲೆ ಆ ದಿನದ್ದೇ ಇತ್ತು: 'ಅಕ್ಕ, ವಾಕರ್ ಇಲ್ಲದೆ, ಗೇಟು. 0.09.'

"'ನಾಳೆ ವಾಕರ್ ಬಿಟ್ಟು ನೋಡ್ತೇನೆ ತಮ್ಮಾ, ನೀನು ಹತ್ತಿರ ಇದ್ರೆ ಮಾತ್ರ' ಅಂತ ಅಕ್ಕ ನಿನ್ನೆಯೇ ಹೇಳಿದ್ದಳು. ನಿಂಗೆ ಫೋನ್ ಮಾಡುವ ಅಂತ ಇದ್ದೆ. ಅವಳು ಕೈ ಬಿಟ್ಟು ನಿಂತದ್ದು ನೋಡಿ ಮರೆತೇಹೋಯ್ತು" ಎಂದರು ಮಾವ.

ನನ್ನ ಸಿಟ್ಟು ಎಲ್ಲಿ ಹೋಯಿತೋ. ಕಣ್ಣೀರು ಕಾಣದಿರಲಿ ಎಂದು ತಲೆ ತಗ್ಗಿಸಿ ಪಟ್ಟಿಯನ್ನು ಸುಮ್ಮನೆ ಕೆಳಕ್ಕೆ ಸರಿಸುತ್ತ ಹೋದೆ. ಹೋದ ವರ್ಷದ ಸಾಲುಗಳ ನಡುವೆ ಆ ಹಳೆಯ ನಡಿಗೆ ಕಂಡಿತು. 'ಹಳೆಮನೆ–ಡಾಕ್ಟ್ರು.' ಅದರ ಮುಂದೆ 3.1 ಇರಲಿಲ್ಲ. 4.8 ಇತ್ತು.

ಇನ್ನೂ ಕೆಳಗೆ ಹೋದೆ. ಬಸ್ಸಿನ ದಾಖಲೆ ಹಾಗೆಯೇ ಇದೆ, ಆರು ನಿಮಿಷ ಹತ್ತು ಸೆಕೆಂಡು. ಮತ್ತೆ ಮೇಲೆ ಬಂದು ನೋಡಿದೆ. 4.8.

"ಮಾವ, ಇದನ್ನು ತಿದ್ದಿದ್ದೀರಾ?"

ಮಾವ ಸೋಂಪಿನ ಬಟ್ಟಲಿನ ಮುಚ್ಚಳವನ್ನು ಹಾಕಿದರು, ತೆಗೆದರು, ಮತ್ತೆ ಹಾಕಿದರು.

"ಬಾವಿಕಟ್ಟೆವರೆಗೆ ಬಂದ ದಿನ ಅಕ್ಕ ಪೂರ್ತಿ ಭಾರ ನನ್ನ ಮೇಲೆ ಹಾಕಿದ್ದಳು. ಮುಟ್ಟುವಾಗ ನನ್ನ ಕಾಲು ನಡುಗ್ತಾ ಇತ್ತು. ಗಡಿಯಾರ ನೋಡಿದ್ರೆ ಮೂವತ್ತು ಮೀಟರು ಅಂತ." ಗಡಿಯಾರದ ಗಾಜನ್ನು ಹೆಬ್ಬೆರಳಿನಿಂದ ಒರೆಸಿದರು. "ನನ್ನನ್ನು ಎತ್ತಿಕೊಂಡು ನಡೆಯುವಾಗ ಅವಳಿಗೆ ಹನ್ನೆರಡು ವರ್ಷ. ಅದು ಮೂರು ಮೈಲೇ ಮಾರಾಯ್ತಿ."