ಮಾವನವರ ಹತ್ತಿಗೆ ನಾನು ತರಿಸಿದ ಜ್ವರ

ಹತ್ತಿಯ ರಾಶಿಗೆ ಕೈ ಹಾಕದೆಯೇ ಅದರ ಹೊಟ್ಟೆಯೊಳಗಿನ ಶಾಖವನ್ನು ಹೇಳಬಹುದು. ಇದರಲ್ಲಿ ನನಗೆ ಆಗ ಯಾವ ಅನುಮಾನವೂ ಇರಲಿಲ್ಲ. ನಾನು ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು, ನನ್ನ ಸಂಶೋಧನೆಯೇ ಅದು. ನಾವು ವಸ್ತುವನ್ನು ಮುಟ್ಟುವುದಿಲ್ಲ, ಕಾಗದದ ಮೇಲೆ ಅದರ ನಕಲು ಮಾಡುತ್ತೇವೆ. ಚುಕ್ಕೆಗಳನ್ನಿಟ್ಟು, ಅಂಚಿನ ಚುಕ್ಕೆಗಳಿಗೆ ಅಳೆದ ಶಾಖ ಬರೆದು, ಒಳಗಿನ ಪ್ರತಿ ಚುಕ್ಕೆಗೂ ಅದರ ನಾಲ್ಕು ನೆರೆಚುಕ್ಕೆಗಳ ಸರಾಸರಿಯನ್ನು ಮತ್ತೆ ಮತ್ತೆ ಕೊಡುತ್ತಾ ಹೋಗಬೇಕು. ಅಂಕಿಗಳು ಅಲುಗಾಡುವುದು ನಿಂತರೆ ಅದೇ ಉತ್ತರ. ಅವು ನಿಲ್ಲುವವರೆಗೆ ನಾನೂ ನಿಲ್ಲುವವನಲ್ಲ, ಅಡ್ಡಾಡುತ್ತಲೇ ಇರುತ್ತೇನೆ.

ಆ ಬೇಸಿಗೆಯಲ್ಲಿ ಆದವಾನಿಗೆ, ಹೆಂಡತಿಯ ತವರಿಗೆ ಹೋಗಿದ್ದೆವು. ಮಾವ ಬಸವಲಿಂಗಪ್ಪನವರು ಹತ್ತಿ ವ್ಯಾಪಾರಿ. ವರ್ಷದ ಹತ್ತಿಯೆಲ್ಲ ಗೋದಾಮಿನಲ್ಲಿ ಒಂದೇ ರಾಶಿಯಾಗಿ, ಬೇಲು ಕಟ್ಟುವ ಪ್ರೆಸ್ಸಿನ ಸರದಿಗೆ ಕಾಯುತ್ತಿತ್ತು. ಹಿಂದಿನ ಬೀದಿಯಲ್ಲಿ ಯಾರದೋ ರಾಶಿ ಒಳಗಿನಿಂದಲೇ ಹೊತ್ತಿಕೊಂಡಿತ್ತಂತೆ. ಅದನ್ನು ಕೇಳಿದಾಗಿನಿಂದ ಮಾವನವರಿಗೆ ನಿದ್ದೆಯಿಲ್ಲ. ಅವರೇ ನನ್ನ ಸಹಾಯ ಕೇಳಿದರು ಎಂದು ನನ್ನ ನೆನಪು. ಆದರೆ ನನ್ನ ನೆನಪು ಯಾವಾಗಲೂ ನನ್ನ ಪಕ್ಷ ವಹಿಸುತ್ತದೆ. ಹೆಂಡತಿ ಗಿರಿಜಾ ಹೇಳುವುದೇ ಬೇರೆ: "ಅಪ್ಪ ನಿಮ್ಮನ್ನ ಕೇಳಿದ್ದು ಚಾ ಕುಡೀತೀರೇನ ಅಂತ, ಅಷ್ಟ."

ಹತ್ತಿ ಚೆನ್ನಾಗಿ ಒಣಗಿದ್ದರಿಂದ ಒಳಗೆ ತಾನಾಗಿ ಶಾಖ ಹುಟ್ಟದು, ಬರೀ ಸರಾಸರಿ ಸಾಕು ಎಂದು ತೀರ್ಮಾನಿಸಿದೆ. ಥರ್ಮಾಮೀಟರ್ ಹಿಡಿದು ರಾಶಿಯ ಸುತ್ತ ಅಳೆದುಕೊಂಡು ಬಂದೆ. ಒಬ್ಬನೇ ಲೆಕ್ಕ ಮಾಡಿದರೆ ರಜೆಯೇ ಮುಗಿದೀತು. ಅದಕ್ಕೇ ನಡುಮನೆಯಲ್ಲಿ ರಂಗೋಲಿ ಚುಕ್ಕೆ ಹಾಕಿಸಿ, ಒಂದೊಂದು ಚುಕ್ಕೆಗೆ ಮನೆಯ ಒಬ್ಬೊಬ್ಬ ಹೆಂಗಸನ್ನು ಸ್ಲೇಟು ಕೊಟ್ಟು ಕೂರಿಸಿದೆ. ನಟ್ಟನಡುವೆ ಗಿರಿಜಾಳ ಚಿಗವ್ವ ಗೌರಮ್ಮ. ಅಮೆರಿಕದಲ್ಲೂ ಇಂಥ ಏರ್ಪಾಡು ಇರಲಾರದು ಎಂದುಕೊಂಡೆ.

ಅಂಕಿಗಳು ನಿಲ್ಲಲಿಲ್ಲ, ಏರಿದವು. ನಾನು ನಡುಮನೆಗೂ ಗೋದಾಮಿಗೂ ಓಡಾಡತೊಡಗಿದೆ.

"ಚಿಗವ್ವ, ಈಗೆಷ್ಟಾತು?"

"ಮತ್ತ ಏರೇತಪ್ಪ. ನೀ ಕುಂದರು, ಅಂಕಿ ಎಲ್ಲಿ ಓಡಿಹೋಗತಾವು?"

ಮಧ್ಯಾಹ್ನದ ಹೊತ್ತಿಗೆ ಚಿಗವ್ವನ ಸ್ಲೇಟಿನ ಮೇಲೆ ನೀರು ಕುದಿಯುವ ಶಾಖ ದಾಟಿತ್ತು! ನಾನು ಮಾವನವರ ಬಳಿಗೆ ಓಡಿದೆ. "ರಾಶಿ ಒಡೀಬೇಕ್ರಿ, ಈಗಿಂದೀಗ. ಅಂಗಳದಾಗ ಹರವಬೇಕು."

"ಕೈ ಹಾಕಿದ್ರ ತಣ್ಣಗೈತಲ್ರಿ, ಅಳಿಯಂದ್ರ."

"ಕೈಗೆ ಗೊತ್ತಾಗಂಗಿಲ್ರಿ. ಲೆಕ್ಕಕ್ಕ ಗೊತ್ತಾಗತೈತಿ."

"ಸರೆ, ಕಾನೀಯಂಡಿ," ಎಂದರು. ಆಗಲಿ ಎನ್ನಲು ಮನಸ್ಸಿಲ್ಲದಾಗ ಮಾವನವರು ಅದನ್ನು ತೆಲುಗಿನಲ್ಲಿ ಹೇಳುತ್ತಾರೆ.

ಆಳುಗಳು ಅರ್ಧ ರಾಶಿಯನ್ನು ಅಂಗಳಕ್ಕೆ ತಂದು ಹರವಿದ್ದರು. ಅಷ್ಟರಲ್ಲಿ ಸುಂಟರಗಾಳಿ ಬಂತು. ನಾನು ಗಾಳಿಯ ಲೆಕ್ಕ ಮಾಡಿರಲಿಲ್ಲ. ಹತ್ತಿ ಎದ್ದಿತು. ಬೇವಿನ ಮರ ಬಿಳಿಯಾಯಿತು, ಎದುರುಮನೆಯ ಎಮ್ಮೆ ಬಿಳಿಯಾಯಿತು, ಮಾವನವರ ಮೀಸೆ ಮೊದಲೇ ಬಿಳಿಯದಾಗಿತ್ತು. ಮದರಾಸಿನ ಕಡೆ ಹೊರಟಿದ್ದ ರೈಲಿನ ಬೆನ್ನಿಗೂ ಒಂದಿಷ್ಟು ಅಂಟಿಕೊಂಡು ಹೋಯಿತಂತೆ. ಇದನ್ನು ನಾನು ಕಂಡಿಲ್ಲ, ಆದರೆ ನಂಬುತ್ತೇನೆ.

ಒಳಗೆ ಬಂದರೆ ಹೆಂಗಸರು ಇನ್ನೂ ಲೆಕ್ಕ ಮಾಡುತ್ತಿದ್ದರು. ಚಿಗವ್ವನ ಸ್ಲೇಟನ್ನು ಕೈಗೆ ತೆಗೆದುಕೊಂಡು ನಾನೇ ಒಮ್ಮೆ ಕೂಡಿ ಭಾಗಿಸಿದೆ.

"ಚಿಗವ್ವ, ಇಲ್ಲಿ ಒಂದು ಹೆಚ್ಚಿಗಿ ಐತಲ್ಲ?"

"ಅದು ಕೊಸರು."

"ಕೊಸರೇನು?"

"ಹತ್ತಿ ವ್ಯಾಪಾರದ ಮನಿಯಾಗ ಹುಟ್ಟೀವಪ್ಪ. ಅಳದಾದ ಮ್ಯಾಲ ಒಂದು ಹಿಡಿ ಮ್ಯಾಲ ಹಾಕಲಾರದ ಕೊಡತಾರೇನು? ಅದೂ ಮನಿ ಅಳಿಯಗ ಕೊಡಾದು."

ಉಳಿದವರ ಕಡೆ ನೋಡಿದೆ. ಎಲ್ಲರೂ ತಲೆಯಾಡಿಸಿದರು. ಪ್ರತಿ ಚುಕ್ಕೆಯಲ್ಲೂ, ಪ್ರತಿ ಸುತ್ತಿನಲ್ಲೂ ನನಗೆ ಪ್ರೀತಿಯಿಂದ ಒಂದೊಂದು ಹಿಡಿ ಶಾಖ ಬಿದ್ದಿತ್ತು. ನಾಲ್ಕು ಅಂಕಿಗಳ ಸರಾಸರಿ ಅವುಗಳಲ್ಲಿ ದೊಡ್ಡದನ್ನು ಎಂದೂ ಮೀರದು. ಇದನ್ನು ನಾನು ಕಾಲೇಜಿನಲ್ಲಿ ಮೊದಲ ಪಾಠದಲ್ಲೇ ಹೇಳಿಕೊಡುತ್ತೇನೆ. ಸ್ಲೇಟು ನೋಡುವಾಗ ಅದು ಯಾಕೆ ನೆನಪಾಗಲಿಲ್ಲ? ಉತ್ತರ ಭಯಂಕರವಾಗಿದ್ದರೆ ಅದು ನಿಜವೇ ಇರಬೇಕೆಂದು ನನ್ನಂಥವನಿಗೆ ಅನಿಸುತ್ತದೋ ಏನೋ.

ಮಾವನವರು ಬೈಯಲಿಲ್ಲ. ನನ್ನ ಕೈ ಹಿಡಿದು ಗೋದಾಮಿಗೆ ಕರೆದೊಯ್ದರು. ಒಡೆದ ರಾಶಿಯ ಒಳಭಾಗ ಈಗ ಕಾಣುತ್ತಿತ್ತು. ಅದರ ನಡುವಿಗೆ ನನ್ನ ಕೈಯನ್ನು ಮೊಣಕೈವರೆಗೂ ತೂರಿಸಿದರು.

"ಹೆಂಗೈತ್ರಿ?"

"ತಣ್ಣಗೈತ್ರಿ."

"ಹಂಗಾರ ನಾ ಮಲಗತೀನಿ," ಎಂದು ಹೋದರು. ಎಷ್ಟೋ ದಿನಗಳ ಮೇಲೆ ಅವರ ಗೊರಕೆ ಕೇಳಿಸಿತು. ನನ್ನ ಸಂಶೋಧನೆಯಿಂದ ಲೋಕಕ್ಕಾದ ಉಪಕಾರ ಸದ್ಯಕ್ಕೆ ಅದೊಂದೇ.

ಗೋದಾಮಿನಲ್ಲಿ ಉಳಿದ ಹತ್ತಿ ಪ್ರೆಸ್ಸಿಗೆ ಹೋಯಿತು. ಅಂಗಳದಲ್ಲಿ ಮಣ್ಣಾದದ್ದನ್ನು ಯಾರೂ ಕೊಳ್ಳಲಿಲ್ಲ. ಮಾವನವರು ಅದನ್ನೆಲ್ಲ ದಿಂಬಿಗೆ ತುಂಬಿಸಿ ಮಗಳ ಜೊತೆ ಕಳಿಸಿಕೊಟ್ಟರು.

ಈಗ ನಮ್ಮ ಕಾಲೇಜಿಗೆ ಹಿಡಿ ತಿರುಗಿಸುವ ಲೆಕ್ಕದ ಯಂತ್ರ ಬಂದಿದೆ. ಅದು ಕೊಸರು ಹಾಕುವುದಿಲ್ಲ. ಮೊನ್ನೆ ಹೆಮ್ಮೆಯಿಂದ ಗಿರಿಜಾಳಿಗೆ ಹೇಳಿದೆ: "ಇನ್ನ ತಪ್ಪೇ ಆಗಂಗಿಲ್ಲ."

"ಹಿಡಿ ತಿರುವೋರು ಯಾರು?"

"ನಾನ."

ಆಕೆ ಆದವಾನಿಯ ಮಣ್ಣಿನ ವಾಸನೆ ಇನ್ನೂ ಹೋಗದ ದಿಂಬನ್ನು ತಟ್ಟಿ, ಧೂಳೆಬ್ಬಿಸಿ, ನನ್ನ ಕಡೆಗೆ ತಳ್ಳಿದಳು.