ಬ್ರೇಕಿಗೂ ಮಾರ್ಜಿನ್

"ದೊಡ್ಡದೇ ಕೊಡಪ್ಪ! ಡಿಸ್ಕ್ ದೊಡ್ಡದಿದ್ದಷ್ಟೂ ಕಾರು ಗಪ್ಪಂತ ನಿಲ್ಲುತ್ತೆ."

"ದೊಡ್ಡ ಚಪ್ಪಲಿ ಹಾಕ್ಕೊಂಡ್ರೆ ಜೋರಾಗಿ ನಡೀತೀರಾ? ಮೊದಲು ಅಳತೆ ನೋಡ್ರೀ," ಎಂದಳು ಹೆಂಡತಿ.

ಬಿಡಿಭಾಗದ ಅಂಗಡಿಯ ಕೌಂಟರಿನ ಮೇಲೆ ಎರಡು ಜೋಡಿ ಬ್ರೇಕ್ ಡಿಸ್ಕುಗಳಿದ್ದವು, ಒಂದು ದೊಡ್ಡದು, ಒಂದು ಚಿಕ್ಕದು. ಒಂದೇ ಮಾದರಿಯ ಕಾರಿಗೆ ಎರಡು ಅಳತೆ ಮಾಡಿಟ್ಟ ಪುಣ್ಯಾತ್ಮರನ್ನು ಗಂಡ ಮನಸ್ಸಿನಲ್ಲೇ ಬೈದುಕೊಂಡ. ಸಂಜೆ ಆಸ್ಪತ್ರೆಯಿಂದ ಮಗಳನ್ನೂ ಹಸುಗೂಸನ್ನೂ ಕರೆತರಬೇಕು. ಕಾರೋ, ಚಕ್ರ ಬಿಚ್ಚಿಸಿಕೊಂಡು ಮನೆ ಮುಂದೆ ಜಾಕಿನ ಮೇಲೆ ನಿಂತಿದೆ.

"ಹಳೇ ಡಿಸ್ಕ್ ತಂದಿದ್ರೆ ಈ ಪಂಚಾಯ್ತಿನೇ ಇರ್ತಿರಲಿಲ್ಲ ಅಣ್ಣ," ಎಂದ ಅಂಗಡಿಯವ.

"ತುಕ್ಕು ಹಿಡಿದು ಕಚ್ಚಿಕೊಂಡಿದೆ ಕಣಪ್ಪ. ಮೆಕ್ಯಾನಿಕ್ ಬಂದು ಬಡಿಯೋವರೆಗೂ ಬರಲ್ಲ ಅಂದ್ರೆ ಬರಲ್ಲ. ಥೇಟ್ ಇವಳ ಹಠ."

"ಅದಕ್ಕೇ ನಾನು ಅಳತೆ ತಂದಿರೋದು!"

ಹೊಲಿಗೆಯೇ ಕಸುಬಾಗಿದ್ದ ಹೆಂಡತಿ ಚೀಲದಿಂದ ಪೇಪರ್ ಕಟಿಂಗ್ ತೆಗೆದು ಹರವಿದಳು. ದುಂಡನೆಯ ಕಾಗದ, ಅದರಲ್ಲಿ ನಾಲ್ಕು ಗುರುತು.

"ಅಕ್ಕಾ, ಇಲ್ಲೆಲ್ಲ ಗುಂಡಿ ಹಾಕ್ತೀರಾ?"

"ಬೋಲ್ಟಿನ ಜಾಗ ಕಣಪ್ಪ ಅದು! ಇಟ್ಟು ನೋಡು."

ದೊಡ್ಡ ಡಿಸ್ಕಿನ ಮೇಲಿಟ್ಟರೆ ಕಾಗದ ಸುತ್ತಲೂ ಜೋತುಬಿತ್ತು.

"ಕಾರು ಅಂದ್ರಿ. ಲಾರಿ ಇಟ್ಕೊಂಡಿದೀರಾ?"

"ನೋಡಿದ್ಯಾ! ದೊಡ್ಡದೂ ಸಾಲ್ತಿಲ್ಲ. ನಾನು ಹೇಳಿದ್ದೇ ಸರಿ!" ಗಂಡ ಎದೆಯುಬ್ಬಿಸಿದ. ಎದೆಗಿಂತ ಮೊದಲು ಹೊಟ್ಟೆ ಮುಂದೆ ಬಂದು ಅಂಗಿಯ ಗುಂಡಿ ಕಿತ್ತುಬರುವಂತಾಯಿತು.

ಹೆಂಡತಿ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಒಂದ್ನಿಮಿಷ. ಸುತ್ತಲೂ ಒಂದಿಂಚು ಮಾರ್ಜಿನ್ ಬಿಟ್ಟುಬಿಟ್ಟಿದೀನಿ."

"ಮಾರ್ಜಿನ್ನಾ? ಕಬ್ಬಿಣಕ್ಕಾ?"

"ಕತ್ತರಿ ಹಿಡಿದ್ರೆ ಕೈ ತಾನಾಗೇ ಬಿಡುತ್ತೆ. ನಾನೇನ್ಮಾಡ್ಲಿ?"

ಚೀಲದಿಂದ ಕತ್ತರಿ ಹೊರಬಂತು. ಕಚಕಚ ಒಂದು ಸುತ್ತು. ಕಾಗದ ಚಿಕ್ಕ ಡಿಸ್ಕಿನ ಮೇಲೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಕೂತಿತು.

ಗಂಡ ದೊಡ್ಡ ಜೋಡಿಯನ್ನು ಮೆಲ್ಲಗೆ ಅಂಗಡಿಯವನತ್ತ ತಳ್ಳಿದ. ತನ್ನ ಮಾತೇ ನಡೆದಿದ್ದರೆ ಬಾಣಂತಿ, ಕೂಸು ಇಬ್ಬರೂ ಆಸ್ಪತ್ರೆ ಬಾಗಿಲಲ್ಲಿ ದಾರಿ ಕಾಯಬೇಕಿತ್ತು. ಆದರೂ ಸೋಲೊಪ್ಪುವ ಆಸಾಮಿ ಅವನಲ್ಲ.

"ಡಿಸ್ಕಿಗೆ ಮಾರ್ಜಿನ್ ಬಿಡೋ ಹೆಂಗಸನ್ನ ಎಲ್ಲಾದ್ರೂ ಕಂಡಿದೀಯೇನಪ್ಪಾ?" ಎನ್ನುತ್ತಾ ಚಿಕ್ಕ ಜೋಡಿಯನ್ನು ಎತ್ತಲು ಬಗ್ಗಿದ. ಗುಂಡಿ ಕಿತ್ತು ಹಾರಿ ಡಿಸ್ಕಿಗೆ ಬಡಿಯಿತು. ಟಣ್!

ಹೆಂಡತಿ ಗುಂಡಿಯನ್ನು ಹುಷಾರಾಗಿ ಸೆರಗಿನ ತುದಿಗೆ ಕಟ್ಟಿಕೊಂಡಳು.

"ನಿಮಗೆ ಹೊಲಿದೂ ಹೊಲಿದೂ ಆದ ಅಭ್ಯಾಸ ಕಣ್ರೀ. ವರ್ಷಾ ವರ್ಷಾ ಸವೆಯೋದು ಡಿಸ್ಕು, ಊದೋದು ನೀವು ಅನ್ನೋದೇ ಮರೆತುಹೋಯ್ತು."